ಹತ್ತರಲ್ಲೊಂದರ ಕರಾರು

ಆಂಡ್ರ್ಯೂ ಕಾರ್ನೆಗಿಯ ಹಣದಿಂದ ಜಗತ್ತಿನಲ್ಲಿ ಎದ್ದ ಗ್ರಂಥಾಲಯ ಕಟ್ಟಡಗಳು ಒಟ್ಟು 2,509. ಅವುಗಳ ಪೈಕಿ 1,679 ಸಾರ್ವಜನಿಕ ಗ್ರಂಥಾಲಯಗಳು ಅಮೆರಿಕದ 1,412 ಊರುಗಳಿಗೆ ಸೇರಿದವು. ನ್ಯೂಯಾರ್ಕಿನಂಥ ಮಹಾನಗರಗಳಿಗೂ ಪಾಲು ಸಿಕ್ಕಿತು, ನಿಜ. ಆದರೆ ಪಟ್ಟಿಯಲ್ಲಿರುವ ಬಹುಪಾಲು ಹೆಸರುಗಳು ನಮ್ಮ ಹೋಬಳಿ ಕೇಂದ್ರದಷ್ಟೋ ತಾಲ್ಲೂಕು ಕೇಂದ್ರದಷ್ಟೋ ದೊಡ್ಡದಾದ ಊರುಗಳವು. ಎಲ್ಲಕ್ಕಿಂತ ಹೆಚ್ಚು ಕಟ್ಟಡಗಳು ಬಂದದ್ದು ಇಂಡಿಯಾನ ರಾಜ್ಯಕ್ಕೆ. ಈ ಸಣ್ಣ ಊರಿನ ಕಟ್ಟಡಗಳ ಬಗ್ಗೆ ಎರಡು ಕಥೆಗಳು ಚಾಲ್ತಿಯಲ್ಲಿವೆ. ಒಂದು ದಾನಿಯ ಕಥೆ: ಸ್ಕಾಟ್ಲೆಂಡಿನ ಬಡ ನೇಕಾರನ ಮಗ ಅಮೆರಿಕಕ್ಕೆ ಬಂದು ಉಕ್ಕಿನ ದೊರೆಯಾಗಿ, ಗಳಿಸಿದ್ದನ್ನು ಪುಸ್ತಕದ ಮನೆಗಳಿಗೆ ಸುರಿದ. ಇನ್ನೊಂದು ಶೈಲಿಯ ಕಥೆ: ಗ್ರೀಕ್ ಗುಡಿಯ ಮುಖವಾಡ ಹಾಕಿಕೊಂಡ, ಕಂಬ ಮತ್ತು ಮೆಟ್ಟಿಲುಗಳ ಪುಟ್ಟ ಕಟ್ಟಡ. ಎರಡರಲ್ಲೂ ಸುಳ್ಳಿಲ್ಲ. ಆದರೆ ಆ ಕಟ್ಟಡದ ಒಳಗು ಹಾಗೇಕಿದೆ ಎಂಬ ಪ್ರಶ್ನೆಗೆ ಎರಡರಲ್ಲೂ ಉತ್ತರವಿಲ್ಲ. ಅದನ್ನು ರೂಪಿಸಿದ್ದು ದಾನಿಯ ಔದಾರ್ಯವೂ ಅಲ್ಲ, ವಾಸ್ತುಶಿಲ್ಪಿಯ ರುಚಿಯೂ ಅಲ್ಲ. ಊರಿನವರು ವರ್ಷವರ್ಷವೂ ಕಟ್ಟಬೇಕಿದ್ದ ತೆರಿಗೆಯ ಲೆಕ್ಕ. ಇದು ಈ ಲೇಖನದ ವಾದ.

ಆ ಲೆಕ್ಕ ಎಷ್ಟು ಹೊಸದು ಎಂದು ತಿಳಿಯಲು ಅದಕ್ಕೂ ಹಿಂದಿನ ತಲೆಮಾರಿನ ಗ್ರಂಥಾಲಯಗಳನ್ನು ನೋಡಬೇಕು. 1870 ಮತ್ತು 80ರ ದಶಕಗಳಲ್ಲಿ ಮೆಸಾಚುಸೆಟ್ಸ್ ರಾಜ್ಯದ ವೂಬರ್ನ್, ನಾರ್ತ್ ಈಸ್ಟನ್, ಕ್ವಿನ್ಸಿ, ಮಾಲ್ಡನ್ ಎಂಬ ಊರುಗಳಲ್ಲಿ ವಾಸ್ತುಶಿಲ್ಪಿ ಎಚ್. ಎಚ್. ರಿಚರ್ಡ್ಸನ್ ಕಟ್ಟಿದ ಗ್ರಂಥಾಲಯಗಳು ಇಂದಿಗೂ ವಾಸ್ತುಶಿಲ್ಪದ ಪಠ್ಯಗಳಲ್ಲಿವೆ. ಒರಟು ಕಲ್ಲಿನ ದಪ್ಪ ಗೋಡೆ, ಬೃಹತ್ ಕಮಾನಿನ ಬಾಗಿಲು, ಗೋಪುರ, ಒಳಗೆ ಕೆತ್ತನೆಯ ಮರಗೆಲಸ, ಅರಮನೆಗೊಪ್ಪುವ ಬೆಂಕಿಗೂಡು. ಇವೆಲ್ಲ ಆ ಊರಿನ ಒಂದೊಂದು ಸಿರಿವಂತ ಮನೆತನ ತನ್ನವರ ನೆನಪಿಗೆ ಕಟ್ಟಿಸಿದ ಸ್ಮಾರಕಗಳು. ಪುಸ್ತಕಗಳು ಎತ್ತರದ ಹಜಾರದ ಇಕ್ಕೆಲದ ಗೂಡುಗಳಲ್ಲಿ, ಮೇಲಿನ ಅಟ್ಟಗಳಲ್ಲಿ. ಓದುಗರು ಅಲ್ಲಿಗೆ ಹೋಗುವಂತಿಲ್ಲ. ಬೇಕಾದ ಪುಸ್ತಕದ ಹೆಸರು ಬರೆದುಕೊಟ್ಟರೆ ಸಿಬ್ಬಂದಿ ಏಣಿ ಹತ್ತಿ ತಂದುಕೊಡಬೇಕು. 1876ರಲ್ಲಿ ಅಮೆರಿಕನ್ ಗ್ರಂಥಾಲಯ ಸಂಘ ಹುಟ್ಟಿದ್ದೇ ತಡ, ಈ ಬಗೆಯ ಕಟ್ಟಡಗಳ ಮೇಲೆ ಗ್ರಂಥಪಾಲಕರ ಸಿಟ್ಟು ಬಹಿರಂಗವಾಯಿತು. ಚಳಿಗಾಲದಲ್ಲಿ ಬಿಸಿ ಗಾಳಿ ಮೇಲೇರಿ ಅಟ್ಟದ ಪುಸ್ತಕಗಳ ತೊಗಲು ರಟ್ಟು ಒಣಗಿ ಪುಡಿಯಾಗುತ್ತದೆ, ಕೆಳಗೆ ಕೂತವರಿಗೆ ಬೆಚ್ಚಗಾಗುವುದಿಲ್ಲ, ಒಂದೊಂದು ಪುಸ್ತಕಕ್ಕೂ ಓಡಾಡುವ ಆಳುಗಳ ಸಂಬಳ ಏರುತ್ತದೆ ಎಂದು ಗ್ರಂಥಪಾಲಕ ವಿಲಿಯಂ ಫ್ರೆಡರಿಕ್ ಪೂಲ್ ಸಭೆ ಸಭೆಗಳಲ್ಲೂ ವಾದಿಸಿದ. ವಾಸ್ತುಶಿಲ್ಪಿಗಳು ಅಷ್ಟಾಗಿ ಕಿವಿಗೊಡಲಿಲ್ಲ. ಹಣ ಕೊಡುವವನಿಗೆ ಸ್ಮಾರಕ ಬೇಕಾಗಿರುವಾಗ ಕಸ ಗುಡಿಸುವವರ ಖರ್ಚನ್ನು ಯಾರು ಕೇಳುತ್ತಾರೆ?

ಕಾರ್ನೆಗಿಯ ಆರಂಭದ ಕೊಡುಗೆಗಳೂ ಇದೇ ಜಾತಿಯವು. ಹುಟ್ಟೂರು ಡನ್‌ಫರ್ಮ್ಲಿನ್‌ನ ಗ್ರಂಥಾಲಯ 1883ರಲ್ಲಿ ತೆರೆಯಿತು. ಅಮೆರಿಕದ ಮೊದಲನೆಯದು 1889ರಲ್ಲಿ, ಅವನದೇ ಉಕ್ಕಿನ ಕಾರ್ಖಾನೆಯಿದ್ದ ಬ್ರಾಡಕ್‌ನಲ್ಲಿ. ಅದು ಗ್ರಂಥಾಲಯ ಮಾತ್ರವಲ್ಲ: ಕುಲುಮೆಯಿಂದ ಮಸಿ ಬಳಿದುಕೊಂಡು ಬಂದ ಕಾರ್ಮಿಕರಿಗೆ ಸ್ನಾನಗೃಹ, ನಂತರ ಈಜುಕೊಳ, ವ್ಯಾಯಾಮಶಾಲೆ, ಸಂಗೀತದ ಸಭಾಂಗಣ. 1896ರವರೆಗಿನ ಹತ್ತು ವರ್ಷಗಳಲ್ಲಿ ಹೀಗೆ ಕೇವಲ ಆರು ಊರುಗಳಿಗೆ ಹದಿನಾಲ್ಕು ಕಟ್ಟಡಗಳು ಬಂದವು. ಐದು ಊರುಗಳು ಪೆನ್ಸಿಲ್ವೇನಿಯದವು, ಅವನ ವ್ಯಾಪಾರದ ನಂಟಿದ್ದವು. ಆರನೆಯದು ಅಯೋವ ರಾಜ್ಯದ ಫೇರ್‌ಫೀಲ್ಡ್. ಅಲ್ಲಿ ಕಾರ್ನೆಗಿಗೆ ಕಾರ್ಖಾನೆಯಿಲ್ಲ, ನೆಂಟರಿಲ್ಲ. ಆ ಊರಿನ ಸೆನೆಟರ್ ಜೇಮ್ಸ್ ವಿಲ್ಸನ್ ಕೇಳಿದ, 1892ರಲ್ಲಿ ಹಣ ಮಂಜೂರಾಯಿತು, ಮರುವರ್ಷ ಕಟ್ಟಡ ನಿಂತಿತು. ತನ್ನದಲ್ಲದ ಊರಿಗೂ ಕೊಡಬಹುದು ಎಂದು ಫೇರ್‌ಫೀಲ್ಡ್ ತೋರಿಸಿಕೊಟ್ಟಿತು. ಆದರೆ ಸಾವಿರಾರು ಊರುಗಳು ಕೈಯೊಡ್ಡಿದಾಗ ಯಾರಿಗೆ ಎಷ್ಟು, ಯಾವ ಷರತ್ತಿನ ಮೇಲೆ ಎಂಬುದಕ್ಕೆ ಒಂದು ಸೂತ್ರ ಬೇಕಾಯಿತು. 1897ರಲ್ಲಿ ಕಾರ್ನೆಗಿಯ ಖಾಸಗಿ ಕಾರ್ಯದರ್ಶಿಯಾಗಿ ಸೇರಿದ ಜೇಮ್ಸ್ ಬರ್ಟ್ರಮ್ ಎಂಬ ಸ್ಕಾಟ್ ಅದನ್ನು ಕಾರ್ಯರೂಪಕ್ಕೆ ತಂದ. ಸಣ್ಣ ಊರಿನ ಗ್ರಂಥಾಲಯದ ಚರಿತ್ರೆಯಲ್ಲಿ ಕಾರ್ನೆಗಿಗಿಂತ ಬರ್ಟ್ರಮ್ ಮುಖ್ಯ ಎಂದರೂ ತಪ್ಪಿಲ್ಲ.

ಸೂತ್ರ ಸರಳ. ಊರಿನವರು ಕಾಗದ ಬರೆದರೆ ಬರ್ಟ್ರಮ್ ಒಂದು ಪ್ರಶ್ನಾವಳಿ ಕಳಿಸುತ್ತಿದ್ದ: ಜನಸಂಖ್ಯೆ ಎಷ್ಟು, ಈಗ ಗ್ರಂಥಾಲಯ ಇದೆಯೆ, ಪುಸ್ತಕಗಳೆಷ್ಟು, ಹೋದ ವರ್ಷ ಎರವಲು ಹೋದದ್ದೆಷ್ಟು, ಊರಿನ ಹಣಕಾಸು ಹೇಗಿದೆ, ನಿವೇಶನ ಸಿದ್ಧವಿದೆಯೆ. ಸಾವಿರ ಜನವೂ ಇಲ್ಲದ ಊರಿಗೆ ಸಾಮಾನ್ಯವಾಗಿ ಅವಕಾಶವಿರಲಿಲ್ಲ. ಮಿಕ್ಕವರಿಗೆ ತಲೆಗೆ ಸುಮಾರು ಎರಡು ಡಾಲರ್. ಐದು ಸಾವಿರ ಜನರ ಊರಾದರೆ ಹತ್ತು ಸಾವಿರ ಡಾಲರ್. ನಿವೇಶನ ಊರಿನದು. ಮುಖ್ಯ ಷರತ್ತು ಇನ್ನೊಂದು: ಕೊಟ್ಟ ಮೊತ್ತದ ಹತ್ತನೆಯ ಒಂದು ಭಾಗವನ್ನು ಪ್ರತಿ ವರ್ಷವೂ ತೆರಿಗೆಯಿಂದ ಎತ್ತಿ ಗ್ರಂಥಾಲಯ ನಡೆಸುತ್ತೇವೆ ಎಂದು ಪುರಸಭೆ ಠರಾವು ಮಾಡಿಕೊಡಬೇಕು. ಹತ್ತು ಸಾವಿರ ಪಡೆದ ಊರು ವರ್ಷಕ್ಕೆ ಒಂದು ಸಾವಿರ ಡಾಲರ್ ಕೊಡಬೇಕು. ಹತ್ತೇ ವರ್ಷದಲ್ಲಿ ಊರಿನವರು ಹಾಕಿದ ಹಣ ಕಾರ್ನೆಗಿ ಕೊಟ್ಟದ್ದಕ್ಕೆ ಸಮವಾಗುತ್ತದೆ, ಮೂವತ್ತು ವರ್ಷದಲ್ಲಿ ಮೂರು ಪಟ್ಟಾಗುತ್ತದೆ. ಪುಸ್ತಕ ಕೊಳ್ಳಲು ಕಾರ್ನೆಗಿ ಕಾಸು ಕೊಡಲಿಲ್ಲ. ಕಟ್ಟಡದ ಹಣವೂ ಒಂದೇ ಬಾರಿಗೆ ಕೈಸೇರುವುದಲ್ಲ. ಕೆಲಸ ಮುಂದುವರಿದಂತೆ ಕಂತುಗಳಲ್ಲಿ. ಇದನ್ನು ದಾನ ಎನ್ನುವುದು ಎಷ್ಟು ಸರಿಯೋ ಕರಾರು ಎನ್ನುವುದು ಅದಕ್ಕಿಂತ ಹೆಚ್ಚು ಸರಿ.

ತೆರಿಗೆಯ ಕಲ್ಪನೆ ಕಾರ್ನೆಗಿಯ ಸ್ವಂತದ್ದಲ್ಲ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೀಟರ್‌ಬರೊ ಎಂಬ ಪುಟ್ಟ ಊರು 1833ರಲ್ಲೇ ಸಾರ್ವಜನಿಕ ಹಣದಿಂದ ಉಚಿತ ಗ್ರಂಥಾಲಯ ನಡೆಸತೊಡಗಿತ್ತು. ಬ್ರಿಟಿಷ್ ಪಾರ್ಲಿಮೆಂಟು 1850ರಲ್ಲಿ ಗ್ರಂಥಾಲಯಕ್ಕಾಗಿ ಆಸ್ತಿ ತೆರಿಗೆಯಲ್ಲಿ ಪೌಂಡಿಗೆ ಅರ್ಧ ಪೆನ್ನಿ ಎತ್ತಲು ಪುರಸಭೆಗಳಿಗೆ ಅನುಮತಿ ಕೊಟ್ಟಿತು. ಆ ಕಾಯಿದೆಯ ವಿಚಿತ್ರವೆಂದರೆ ಕಟ್ಟಡಕ್ಕೂ ಸಂಬಳಕ್ಕೂ ಆ ಹಣ ಬಳಸಬಹುದಿತ್ತು, ಪುಸ್ತಕ ಕೊಳ್ಳುವಂತಿರಲಿಲ್ಲ; ಪುಸ್ತಕಗಳನ್ನು ಧರ್ಮಿಷ್ಠರು ಕೊಡುತ್ತಾರೆಂಬ ನಂಬಿಕೆ. 1855ರಲ್ಲಿ ತೆರಿಗೆ ಒಂದು ಪೆನ್ನಿಯಾಗಿ ಆ ನಿರ್ಬಂಧ ಹೋಯಿತು. ಕಾರ್ನೆಗಿ ಈ ಲೆಕ್ಕವನ್ನು ತಲೆಕೆಳಗು ಮಾಡಿದ. ಕಟ್ಟಡ ದಾನಿಯದು, ಪುಸ್ತಕವೂ ಸಂಬಳವೂ ದೀಪವೂ ಕಲ್ಲಿದ್ದಲೂ ಊರಿನದು. ಕಣ್ಣಿಗೆ ಕಾಣುವುದನ್ನು ತಾನು ಇಟ್ಟುಕೊಂಡು ಕಾಣದ ಭಾರವನ್ನು ಊರಿಗೆ ಬಿಟ್ಟ ಎಂದು ಮೂದಲಿಸಬಹುದು. ಆದರೆ ಒಮ್ಮೆ ತೆರಿಗೆಯಲ್ಲಿ ಸೇರಿಕೊಂಡ ಬಾಬತ್ತು ಸುಲಭಕ್ಕೆ ಹೊರಬೀಳುವುದಿಲ್ಲ ಎಂಬುದು ಪುರಸಭೆಗಳನ್ನು ಬಲ್ಲವರಿಗೆಲ್ಲ ಗೊತ್ತು. ಬರ್ಟ್ರಮ್ ನಂಬಿದ್ದು ಅದನ್ನೇ.

ಈ ಕರಾರು ಕಟ್ಟಡದೊಳಕ್ಕೆ ಇಳಿದ ಬಗೆ ಹೀಗೆ. ವರ್ಷಕ್ಕೆ ಸಾವಿರ ಡಾಲರಿನಲ್ಲಿ ಇದ್ದಿಲು, ದೀಪ, ಕಸಬರಿಕೆ, ಪತ್ರಿಕೆ, ಹೊಸ ಪುಸ್ತಕ ಎಲ್ಲ ಆಗಬೇಕು. ಸಂಬಳ ಕೊಡಲು ಉಳಿಯುವುದು ಒಬ್ಬರಿಗೆ ಸಾಲುವಷ್ಟು ಮಾತ್ರ. ಹಾಗಾದರೆ ಇಡೀ ಕಟ್ಟಡವನ್ನು ಒಬ್ಬರೇ ನಡೆಸಬೇಕು. ಆದರೆ ಊರಿನವರು ಗೊತ್ತುಮಾಡಿಕೊಂಡ ವಾಸ್ತುಶಿಲ್ಪಿಗಳಿಗೆ ಈ ಲೆಕ್ಕ ಹೊಳೆಯಲಿಲ್ಲ. ಹತ್ತು ಸಾವಿರ ಡಾಲರಿನ ಕಟ್ಟಡಕ್ಕೂ ಗುಮ್ಮಟ, ಅರ್ಧ ನೆಲವನ್ನೇ ನುಂಗುವ ಮೊಗಸಾಲೆ, ಅಗಲದ ಮೆಟ್ಟಿಲು, ಕೋಣೆಗೊಂದು ಬೆಂಕಿಗೂಡು ಬರೆದುಕೊಟ್ಟರು. ಕಟ್ಟಡ ಮುಗಿಯುವ ಮೊದಲೇ ಹಣ ಮುಗಿದು, ಇನ್ನಷ್ಟು ಕೊಡಿ ಎಂಬ ಕಾಗದಗಳು ಬಂದವು. ಸುಮಾರು 1908ರಿಂದ ಬರ್ಟ್ರಮ್ ನಕ್ಷೆಗಳನ್ನು ತರಿಸಿಕೊಂಡು ತಾನೇ ನೋಡತೊಡಗಿದ. ಒಪ್ಪಿಗೆಯಾಗದೆ ಹಣ ಹೊರಡುತ್ತಿರಲಿಲ್ಲ. 1911ರಲ್ಲಿ ಗ್ರಂಥಾಲಯ ಕಟ್ಟಡಗಳನ್ನು ಕುರಿತ ಟಿಪ್ಪಣಿಗಳ ಕಿರುಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿದ. ಕಾರ್ನೆಗಿ ಇಂಗ್ಲಿಷ್ ಕಾಗುಣಿತವನ್ನು ಸರಳಗೊಳಿಸುವ ಚಳವಳಿಗೂ ಹಣ ಕೊಡುತ್ತಿದ್ದವನು. ಅವನ ಕಾರ್ಯದರ್ಶಿ ತನ್ನ ಪುಸ್ತಿಕೆಯ ಶೀರ್ಷಿಕೆಯಿಂದಲೇ ಒಂದು ಅಕ್ಷರ ಉಳಿಸಿದ.

ಆ ಪುಸ್ತಿಕೆ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಅಪರೂಪದ ದಾಖಲೆ. ಆರು ಮಾದರಿ ನಕ್ಷೆಗಳು. ಒಂದಕ್ಕೂ ಮುಂಭಾಗದ ಚಿತ್ರವಿಲ್ಲ. ಹೊರಗೆ ಹೇಗೆ ಕಾಣಬೇಕೆಂಬುದು ನಿಮ್ಮ ಇಷ್ಟ, ಒಳಗು ಹೀಗಿರಲಿ ಎಂಬ ನಿಲುವು. ಉದ್ದಚೌಕದ ಕಟ್ಟಡ, ಒಂದೇ ಅಂತಸ್ತು, ಕೆಳಗೆ ಸುಮಾರು ನಾಲ್ಕು ಅಡಿ ಮಾತ್ರ ಹುಗಿದ ನೆಲಮಾಳಿಗೆ. ಅಷ್ಟೇ ಹುಗಿದರೆ ಮಾಳಿಗೆಯ ಕಿಟಕಿಗಳು ನೆಲದ ಮೇಲೆ ಉಳಿದು ಬೆಳಕು ಬರುತ್ತದೆ. ಉಪನ್ಯಾಸದ ಕೋಣೆ, ಶೌಚಾಲಯ, ಬಿಸಿಗಾಳಿಯ ಕುಲುಮೆ ಅಲ್ಲೇ ಹಿಡಿಸುತ್ತವೆ, ಮೇಲಿನ ನೆಲ ಪೂರ್ತಿಯಾಗಿ ಪುಸ್ತಕಕ್ಕೆ ಸಿಗುತ್ತದೆ. ಮುಖ್ಯ ಅಂತಸ್ತಿನ ಎತ್ತರ ಹನ್ನೆರಡರಿಂದ ಹದಿನೈದು ಅಡಿ. ಅದಕ್ಕಿಂತ ಹೆಚ್ಚಾದರೆ ಕಾಯಿಸುವ ಖರ್ಚು. ಒಳಗೆ ಗೋಡೆಗಳು ಬೇಡ, ಬೇರೆ ಮಾಡಲೇಬೇಕಿದ್ದರೆ ತಗ್ಗಿನ ಕಪಾಟುಗಳಿಂದ ಮಾಡಿ. ಪಕ್ಕದ ಮತ್ತು ಹಿಂಬದಿಯ ಕಿಟಕಿಗಳ ತಳ ನೆಲದಿಂದ ಆರೇಳು ಅಡಿ ಮೇಲಿರಲಿ. ಈ ಕೊನೆಯ ಸಾಲಿನಲ್ಲಿ ಇಡೀ ಸೂತ್ರವೇ ಅಡಗಿದೆ. ಕಿಟಕಿ ಮೇಲಕ್ಕೆ ಹೋದರೆ ಅದರ ಕೆಳಗೆ ಗೋಡೆಯುದ್ದಕ್ಕೂ ಕಪಾಟು ನಿಲ್ಲುತ್ತದೆ. ಆರೇಳು ಅಡಿಯೆಂದರೆ ಕೈಯೆತ್ತಿದರೆ ಸಿಗುವ ಎತ್ತರ, ಏಣಿ ಬೇಡ. ಏಣಿ ಬೇಡವಾದರೆ ಏಣಿ ಹತ್ತುವ ಆಳೂ ಬೇಡ, ಓದುಗರೇ ತೆಗೆದುಕೊಳ್ಳುತ್ತಾರೆ. ಪುಸ್ತಕ ಗೋಡೆಗೆ ಸರಿದುದರಿಂದ ನಡುವಿನ ನೆಲ ಮೇಜು ಕುರ್ಚಿಗಳಿಗೆ ಬಿಡುವಾಗುತ್ತದೆ. ಬಾಗಿಲಿಗೆ ಎದುರಾಗಿ ಎರವಲು ಮೇಜು: ಅಲ್ಲಿ ಕೂತವರಿಗೆ ಎಡಕ್ಕೆ ದೊಡ್ಡವರ ಓದುಕೋಣೆ, ಬಲಕ್ಕೆ ಮಕ್ಕಳ ಓದುಕೋಣೆ, ಎದುರಿಗೆ ಬರುವವರು ಹೋಗುವವರು ಎಲ್ಲ ಒಂದೇ ನೋಟದಲ್ಲಿ. ಬೆಂಕಿಗೂಡು ಹೋಯಿತು, ಏಕೆಂದರೆ ಅದು ಕಪಾಟಿನ ಜಾಗ ತಿನ್ನುತ್ತದೆ. ಮೊಗಸಾಲೆ ಕುಗ್ಗಿತು, ಏಕೆಂದರೆ ಅಲ್ಲಿ ಯಾರೂ ಓದುವುದಿಲ್ಲ.

ಮೇಜಿನ ಹಿಂದೆ ಕೂತ ಆ ಒಬ್ಬರು ಸಾಮಾನ್ಯವಾಗಿ ಹೆಂಗಸು. ಮೆಲ್ವಿಲ್ ಡ್ಯೂಯಿ 1887ರಲ್ಲಿ ಕೊಲಂಬಿಯ ಕಾಲೇಜಿನಲ್ಲಿ ತೆರೆದ ಗ್ರಂಥಪಾಲಕರ ಶಾಲೆಗೆ ಆಡಳಿತ ಮಂಡಲಿಯ ವಿರೋಧವಿದ್ದರೂ ಹೆಣ್ಣುಮಕ್ಕಳನ್ನು ಸೇರಿಸಿಕೊಂಡ. ಅಲ್ಲಿಂದಾಚೆಗೆ ಅಮೆರಿಕದಲ್ಲಿ ಈ ಕಸುಬು ಬಹುಮಟ್ಟಿಗೆ ಅವರದಾಯಿತು. ಸಂಬಳ ಕಡಿಮೆಯಿದ್ದುದೇ ಅವರಿಗೆ ಬಾಗಿಲು ತೆರೆದದ್ದು ಎಂಬುದನ್ನೂ ಹೇಳಬೇಕು. ಸಣ್ಣ ಊರುಗಳಲ್ಲಿ ಗ್ರಂಥಾಲಯಕ್ಕಾಗಿ ಮೊದಲು ಓಡಾಡಿದವರೂ ಮಹಿಳಾ ಸಂಘದವರೇ: ತಿಂಡಿ ಮಾರಿ, ನಾಟಕವಾಡಿಸಿ ಚಂದಾ ಎತ್ತಿದರು, ಯಾವುದೋ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದೆರಡು ಕಪಾಟು ಇಟ್ಟರು, ಕಾರ್ನೆಗಿಗೆ ಮೊದಲ ಕಾಗದ ಬರೆದರು. ಠರಾವಾಗಿ ಕಟ್ಟಡ ಬಂದ ಮೇಲೆ ಆಡಳಿತ ಮಂಡಲಿಯ ಕುರ್ಚಿಗಳಲ್ಲಿ ಹೆಚ್ಚಾಗಿ ಊರಿನ ವಕೀಲರು, ಬ್ಯಾಂಕಿನವರು ಕೂತರು. ಬರ್ಟ್ರಮ್‌ನ ನಕ್ಷೆ ಅಗ್ಗವಾಗಿ ನಡೆದದ್ದು ಕಿಟಕಿಯ ಎತ್ತರದಿಂದ ಮಾತ್ರವಲ್ಲ. ಗ್ರಂಥಪಾಲಕಿಯೂ ಲೆಕ್ಕ ಬರೆಯುವವಳೂ ಮಕ್ಕಳಿಗೆ ಕಥೆ ಹೇಳುವವಳೂ ಅನೇಕ ಕಡೆ ಒಲೆಗೆ ಇದ್ದಿಲು ಹಾಕುವವಳೂ ಒಬ್ಬಳೇ ಆಗಿದ್ದ ಹೆಂಗಸಿನ ದುಡಿಮೆಯ ಮೇಲೆ ಆ ಮಿತವ್ಯಯ ನಿಂತಿತ್ತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಮಿತವ್ಯಯವೇ ಮಂತ್ರವಾಗಿದ್ದರೆ ಆ ಕಂಬಗಳೇಕೆ, ಆ ಮೆಟ್ಟಿಲುಗಳೇಕೆ, ಬಾಗಿಲ ಇಕ್ಕೆಲದ ದೀಪಸ್ತಂಭಗಳೇಕೆ? ಉತ್ತರ ಪುಸ್ತಿಕೆಯ ಮೌನದಲ್ಲೇ ಇದೆ. ಹೊರಮುಖವನ್ನು ಬರ್ಟ್ರಮ್ ಊರಿಗೆ ಬಿಟ್ಟಿದ್ದ, ಒಳಗನ್ನು ಕಬಳಿಸದಿದ್ದರೆ ಸಾಕು ಎಂದು. 1893ರ ಷಿಕಾಗೊ ಪ್ರದರ್ಶನದ ಬಿಳಿ ಅರಮನೆಗಳನ್ನು ಕಂಡು ಬಂದ ತಲೆಮಾರಿಗೆ ಸಾರ್ವಜನಿಕ ಕಟ್ಟಡವೆಂದರೆ ಗ್ರೀಕ್ ರೋಮನ್ ಕಂಬವೇ. ಹಾಗಾಗಿ ಊರಿನವರು ಸಿಕ್ಕ ಅಲ್ಪ ಸ್ವಾತಂತ್ರ್ಯವನ್ನೆಲ್ಲ ಬಾಗಿಲ ಸುತ್ತ ಖರ್ಚು ಮಾಡಿದರು. ಎರಡು ಕಂಬ, ಮೇಲೊಂದು ತ್ರಿಕೋನ, ಅಷ್ಟೆ. ಮಿಕ್ಕ ಮೂರು ಬದಿ ಬರಿಯ ಇಟ್ಟಿಗೆ. ಕ್ಯಾಲಿಫೋರ್ನಿಯದಲ್ಲಿ ಅದೇ ಜಾಗಕ್ಕೆ ಸ್ಪ್ಯಾನಿಷ್ ಮಿಷನ್ ಕಮಾನು ಬಂತು, ಬೇರೆಡೆ ಹೆಂಚಿನ ಚಾಚುಮಾಡು ಬಂತು. ಷಿಕಾಗೊದ ಪ್ಯಾಟನ್ ಮತ್ತು ಮಿಲ್ಲರ್ ಎಂಬ ವಾಸ್ತುಶಿಲ್ಪಿ ಜೋಡಿ ಇಂಥ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ರಚಿಸಿತು. ನ್ಯೂಯಾರ್ಕಿನ ಎಡ್ವರ್ಡ್ ಟಿಲ್ಟನ್‌ಗೂ ಇದೇ ಕಸುಬಾಯಿತು. ಮುಖಗಳು ಬೇರೆ ಬೇರೆ, ಒಳನಕ್ಷೆ ಒಂದೇ. ಶೈಲಿಯೇ ಈ ಕಟ್ಟಡಗಳ ಜೀವಾಳವಾಗಿದ್ದರೆ ಶೈಲಿ ಬದಲಾದಾಗ ನಕ್ಷೆಯೂ ಬದಲಾಗಬೇಕಿತ್ತು. ಬದಲಾಗಲಿಲ್ಲ. ಮೆಟ್ಟಿಲುಗಳ ಮಾತು ಇನ್ನೂ ಸ್ಪಷ್ಟ: ಅರ್ಧ ಹುಗಿದ ನೆಲಮಾಳಿಗೆ ಇದ್ದ ಮೇಲೆ ಮುಖ್ಯ ಅಂತಸ್ತು ನೆಲದಿಂದ ಐದಾರು ಅಡಿ ಮೇಲೆ ಹೋಗಲೇಬೇಕು. ಜ್ಞಾನದತ್ತ ಏರುವ ಸೋಪಾನ ಎಂದೆಲ್ಲ ಉದ್ಘಾಟನೆಯ ಭಾಷಣಗಳಿಗೆ ಚೆನ್ನಾಗಿ ಒದಗಿಬಂದ ಆ ಮೆಟ್ಟಿಲುಗಳು ಮೂಲದಲ್ಲಿ ಉಪನ್ಯಾಸ ಕೋಣೆಗೆ ಬೆಳಕು ಕೊಡಲು ಮಾಡಿದ ಏರ್ಪಾಟಿನ ಫಲ.

ಎರಡನೆಯ ಆಕ್ಷೇಪ ಭಾರವಾದದ್ದು: ಹಣ ಬಂದದ್ದು ಎಲ್ಲಿಂದ? 1892ರ ಜುಲೈ 6ರಂದು ಹೋಮ್‌ಸ್ಟೆಡ್‌ನ ಉಕ್ಕಿನ ಕಾರ್ಖಾನೆಯಲ್ಲಿ ಮುಷ್ಕರ ನಿರತ ಕಾರ್ಮಿಕರಿಗೂ ಕಂಪನಿ ಕರೆಸಿದ ಮುನ್ನೂರು ಪಿಂಕರ್ಟನ್ ಬಾಡಿಗೆ ಕಾವಲುಗಾರರಿಗೂ ನಡೆದ ಕಾಳಗದಲ್ಲಿ ಎರಡೂ ಕಡೆ ಹೆಣ ಬಿದ್ದವು. ಸತ್ತವರಲ್ಲಿ ಹೆಚ್ಚಿನವರು ಕಾರ್ಮಿಕರು. ಕಾರ್ನೆಗಿ ಆಗ ಸ್ಕಾಟ್ಲೆಂಡಿನಲ್ಲಿದ್ದ, ಆಡಳಿತ ಹೆನ್ರಿ ಫ್ರಿಕ್ ಕೈಯಲ್ಲಿತ್ತು. ಸಂಘ ಮುರಿಯಿತು. ದಿನಕ್ಕೆ ಹನ್ನೆರಡು ಗಂಟೆ ಕುಲುಮೆಯ ಮುಂದೆ ನಿಲ್ಲುವವನು ಯಾವ ಹೊತ್ತಿನಲ್ಲಿ ಪುಸ್ತಕ ಓದಬೇಕು ಎಂಬ ಪ್ರಶ್ನೆಯ ನಡುವೆಯೇ 1898ರಲ್ಲಿ ಅದೇ ಹೋಮ್‌ಸ್ಟೆಡ್‌ನಲ್ಲಿ ಕಾರ್ನೆಗಿ ಗ್ರಂಥಾಲಯ ತೆರೆಯಿತು. 1901ರಲ್ಲಿ ಅವನು ತನ್ನ ಕಂಪನಿಯನ್ನು 48 ಕೋಟಿ ಡಾಲರಿಗೆ ಮಾರಿ ದಾನದ ವೇಗ ಹೆಚ್ಚಿಸಿದಾಗ, ಈ ಹಣ ಮುಟ್ಟಬೇಡಿ, ನ್ಯಾಯವಾದ ಕೂಲಿ ಬಂದ ದಿನ ಗ್ರಂಥಾಲಯಗಳನ್ನು ನಾವೇ ಕಟ್ಟಿಕೊಳ್ಳುತ್ತೇವೆ ಎಂದು ಕಾರ್ಮಿಕ ನಾಯಕ ಯೂಜಿನ್ ಡೆಬ್ಸ್ ಕರೆಕೊಟ್ಟ. ವೆಸ್ಟ್ ವರ್ಜೀನಿಯದ ವ್ಹೀಲಿಂಗ್‌ನಲ್ಲಿ ಸಂಘಗಳ ಪ್ರಚಾರದಿಂದ 1904ರ ಮತದಾನದಲ್ಲಿ ಕಾರ್ನೆಗಿ ಗ್ರಂಥಾಲಯ ಸೋತಿತು. ಆ ಊರು ಮುಂದೆ ತನ್ನದೇ ಹಣದಲ್ಲಿ ಗ್ರಂಥಾಲಯ ಕಟ್ಟಿಕೊಂಡಿತು. ಒಟ್ಟು 225 ಊರುಗಳು ಕೊಡುಗೆಗೆ ಕೈಚಾಚಿ ಹಿಂದೆ ಸರಿದವು ಅಥವಾ ಬಂದದ್ದನ್ನು ನಿರಾಕರಿಸಿದವು, ಬಹಳ ಕಡೆ ತೆರಿಗೆಯ ಠರಾವು ಆಗಲಿಲ್ಲವೆಂದು.

ಡೆಬ್ಸ್ ಹೇಳಿದ್ದನ್ನು ತಳ್ಳಿಹಾಕಲು ನನ್ನಲ್ಲಿ ವಾದವಿಲ್ಲ. ಆ ಉಕ್ಕಿನ ಲಾಭದಲ್ಲಿ ಕೂಲಿಯಾಗಬೇಕಿದ್ದ ಹಣ ಸೇರಿತ್ತು. ಆದರೆ ಹಣದ ಮೂಲದಿಂದ ಸಂಸ್ಥೆಯ ಸ್ವಭಾವವನ್ನು ಪೂರ್ತಿಯಾಗಿ ನಿರ್ಣಯಿಸಲಾಗದು, ಮತ್ತು ಇಲ್ಲಿ ಕಾರಣ ನೈತಿಕ ಔದಾರ್ಯವಲ್ಲ, ಲೆಕ್ಕವೇ. ಬ್ರಾಡಕ್, ಹೋಮ್‌ಸ್ಟೆಡ್, ಡ್ಯೂಕೇನ್ ಎಂಬ ಮೂರು ಕಾರ್ಖಾನೆ ಊರುಗಳ ಗ್ರಂಥಾಲಯಗಳಿಗೆ ಕಾರ್ನೆಗಿ ತೆರಿಗೆಯ ಷರತ್ತು ಹಾಕದೆ ದತ್ತಿನಿಧಿ ಇಟ್ಟಿದ್ದ. ಅವು ಕೊನೆಯವರೆಗೂ ಧಣಿಯ ಕೊಡುಗೆಗಳಾಗಿಯೇ ಉಳಿದವು. ಡ್ಯೂಕೇನ್ ಗ್ರಂಥಾಲಯವನ್ನು 1968ರಲ್ಲಿ ಕೆಡವಿದರು, ಬ್ರಾಡಕ್ 1974ರಲ್ಲಿ ಬಾಗಿಲು ಹಾಕಿತು (ಆಮೇಲೆ ಊರಿನವರ ಹಟದಿಂದ ಮತ್ತೆ ತೆರೆಯಿತು), ಹೋಮ್‌ಸ್ಟೆಡ್ ಒಂದು ಉಳಿಯಿತು. ತೆರಿಗೆಯ ಕರಾರಿನಲ್ಲಿ ಕಟ್ಟಿದ ಊರುಗಳಲ್ಲಿ ಕಟ್ಟಡಗಳು ಹೋದದ್ದುಂಟು, ನೂರಾರು ಹೋಗಿವೆ. ಆದರೆ ಬಹಳ ಕಡೆ ಕಟ್ಟಡ ಹೋದರೂ ಗ್ರಂಥಾಲಯ ಹೋಗಲಿಲ್ಲ. ಅದೇ ತೆರಿಗೆಯಿಂದ ಪಕ್ಕದ ಬೀದಿಯಲ್ಲಿ ದೊಡ್ಡದೊಂದು ಎದ್ದಿತು. ಹತ್ತರಲ್ಲೊಂದು ಪಾಲು ಕೊಡುತ್ತ ಕೊಡುತ್ತ ಊರಿನವರು ಧಣಿಯ ಋಣದಿಂದ ಹೊರಬಂದರು. ತನ್ನ ಹೆಸರನ್ನು ಬಾಗಿಲ ಮೇಲೆ ಕೆತ್ತಬೇಕೆಂದು ಕಾರ್ನೆಗಿ ಷರತ್ತು ಹಾಕಿರಲಿಲ್ಲ ಎಂಬುದೂ ಇಲ್ಲಿ ಗಮನಾರ್ಹ, ಕೆತ್ತಿದವರು ಊರಿನವರೇ.

ಮೂರನೆಯ ಆಕ್ಷೇಪ ಇತ್ತೀಚಿನ ವಿದ್ವಾಂಸರದು. ಎಲ್ಲರ ಮೇಲೂ ಕಣ್ಣಿಡುವ ನಡುಮೇಜು ಜೈಲಿನ ನಕ್ಷೆಯನ್ನು ನೆನಪಿಸುವುದಿಲ್ಲವೆ? ಎಲ್ಲರಿಗೂ ಮುಕ್ತ ಎಂದ ಬಾಗಿಲು ನಿಜವಾಗಿ ಯಾರಿಗೆ ತೆರೆದಿತ್ತು? ಮೊದಲ ಭಾಗಕ್ಕೆ ಉತ್ತರ ಸುಲಭ. ಕಾವಲಿಗೆ ಬದಲಾಗಿ ಇದ್ದದ್ದು ಸ್ವಾತಂತ್ರ್ಯವಲ್ಲ, ಬೀಗ. ರೋಡ್ ಐಲೆಂಡಿನ ಪಾಟಕೆಟ್‌ನಲ್ಲಿ ಮಿನರ್ವ ಸ್ಯಾಂಡರ್ಸ್ ಎಂಬ ಗ್ರಂಥಪಾಲಕಿ 1870ರ ದಶಕದ ಕೊನೆಯಲ್ಲೇ ಕಪಾಟುಗಳನ್ನು ಓದುಗರಿಗೆ ತೆರೆದು, ಮಕ್ಕಳಿಗಾಗಿ ಕುರ್ಚಿಗಳ ಕಾಲು ಕತ್ತರಿಸಿ ತಗ್ಗಿಸಿದಾಗ ಕಸುಬಿನವರೇ ಹುಬ್ಬೇರಿಸಿದ್ದರು. 1890ರಲ್ಲಿ ಕ್ಲೀವ್‌ಲ್ಯಾಂಡಿನ ವಿಲಿಯಂ ಬ್ರೆಟ್ ಅದನ್ನು ದೊಡ್ಡ ನಗರದಲ್ಲೂ ಮಾಡಿ ತೋರಿಸಿದ. ಪುಸ್ತಕ ಮುಟ್ಟಲು ಬಿಟ್ಟ ಮೇಲೆ ಕಳವಿನ ಭಯಕ್ಕೆ ಒಂದು ಜೋಡಿ ಕಣ್ಣು ಬೇಕಾಯಿತು. ಆ ಬೆಲೆಗೆ ಸಾಮಾನ್ಯ ಓದುಗ ಕಪಾಟಿನ ಮುಂದೆ ನಿಂತು ಹತ್ತು ಪುಸ್ತಕ ತಿರುವಿ ಒಂದನ್ನು ಆರಿಸುವ ಹಕ್ಕು ಪಡೆದ. ಹಿಂದೆ ಅದು ಮನೆಯಲ್ಲಿ ಗ್ರಂಥಭಂಡಾರವಿದ್ದ ಸಾಹುಕಾರನಿಗೆ ಮಾತ್ರ ಇತ್ತು.

ಎರಡನೆಯ ಭಾಗಕ್ಕೆ ಅಂಥ ಉತ್ತರವಿಲ್ಲ. ಅಟ್ಲಾಂಟದ ಕಾರ್ನೆಗಿ ಗ್ರಂಥಾಲಯ 1902ರಲ್ಲಿ ತೆರೆದಾಗ ಕರಿಯ ವಿದ್ವಾಂಸ ಡಬ್ಲ್ಯು. ಇ. ಬಿ. ಡುಬಾಯ್ಸ್ ಮತ್ತು ಸಂಗಡಿಗರು ಆಡಳಿತ ಮಂಡಲಿಯ ಮುಂದೆ ನಿಂತು, ಕರಿಯರಿಗೇಕೆ ಪ್ರವೇಶವಿಲ್ಲ ಎಂದು ಕೇಳಿದರು. ಅವರಿಗೆಂದು ಪ್ರತ್ಯೇಕ ಶಾಖೆ ತೆರೆದದ್ದು 1921ರಲ್ಲಿ. ಕೆಂಟಕಿಯ ಲೂಯಿವಿಲ್‌ನಲ್ಲಿ ಮಾತ್ರ 1908ರಲ್ಲೇ ಕಾರ್ನೆಗಿ ಹಣದಿಂದ ಕರಿಯರ ಶಾಖೆಗೆ ಸ್ವಂತ ಕಟ್ಟಡ ಬಂತು. ಅದರ ಮುಖ್ಯಸ್ಥ ಥಾಮಸ್ ಫೌಂಟನ್ ಬ್ಲೂ ದಕ್ಷಿಣದ ಬೇರೆ ನಗರಗಳ ಕರಿಯ ಗ್ರಂಥಪಾಲಕಿಯರನ್ನೂ ತರಬೇತು ಮಾಡಿದ. ಗ್ರಂಥಾಲಯದ ತೆರಿಗೆಯನ್ನು ಕರಿಯರೂ ಕಟ್ಟುತ್ತಿದ್ದರು. ಬರ್ಟ್ರಮ್‌ನ ಪ್ರಶ್ನಾವಳಿ ಜನಸಂಖ್ಯೆ ಕೇಳಿತು, ತಲೆಗೆ ಎರಡು ಡಾಲರ್ ಲೆಕ್ಕ ಹಾಕಿತು. ಎಣಿಸಿದ ತಲೆಗಳೆಲ್ಲ ಒಳಗೆ ಬರಬಹುದೆ ಎಂಬುದನ್ನು ಸ್ಥಳೀಯರಿಗೆ ಬಿಟ್ಟುಕೊಟ್ಟಿತು. ಹೊರಮುಖವನ್ನು ಊರಿಗೆ ಬಿಟ್ಟದ್ದರಿಂದ ಎರಡು ಕಂಬ ಬಂದವು. ಬಾಗಿಲನ್ನೂ ಊರಿಗೇ ಬಿಟ್ಟದ್ದರಿಂದ ದಕ್ಷಿಣದಲ್ಲಿ ಅರ್ಧ ಊರು ಹೊರಗುಳಿಯಿತು. ಕರಾರಿನ ದೊಡ್ಡ ಕಳಂಕ ಇದು. ಆ ಮೆಟ್ಟಿಲುಗಳೂ ಕಾಲಿಲ್ಲದವರನ್ನು, ಮುದುಕರನ್ನು ಹೊರಗಿಟ್ಟವು. 1990ರ ಅಂಗವಿಕಲರ ಹಕ್ಕಿನ ಕಾಯಿದೆಯ ನಂತರವೇ ಬಹಳಷ್ಟು ಕಟ್ಟಡಗಳ ಪಕ್ಕಕ್ಕೆ ಲಿಫ್ಟು, ಇಳಿಜಾರು, ಹೊಸ ಬಾಗಿಲು ಬಂದವು.

ನನ್ನ ವಾದಕ್ಕೆ ನಿಜವಾದ ಪೆಟ್ಟು ಕೊಡುವುದು ಕಾರ್ನೆಗಿ ಸಂಸ್ಥೆಯೇ ಬರೆಸಿದ ಒಂದು ವರದಿ. ಠರಾವು ಮಾಡಿದ ಊರುಗಳೆಲ್ಲ ಮಾತು ಉಳಿಸಿಕೊಂಡಿಲ್ಲ ಎಂಬ ದೂರು ಹೆಚ್ಚಿದಾಗ 1915ರಲ್ಲಿ ಅರ್ಥಶಾಸ್ತ್ರಜ್ಞ ಆಲ್ವಿನ್ ಜಾನ್ಸನ್‌ಗೆ ಪರಿಶೀಲನೆ ವಹಿಸಲಾಯಿತು. ಸುಮಾರು ನೂರು ಗ್ರಂಥಾಲಯಗಳನ್ನು ನೋಡಿ ಬಂದ ಅವನು ಹೇಳಿದ್ದು ಇಷ್ಟು: ಕಟ್ಟಡಗಳಿವೆ, ತರಬೇತಾದ ಗ್ರಂಥಪಾಲಕರಿಲ್ಲ, ಹತ್ತರಲ್ಲೊಂದು ಪಾಲು ಸಾಲದು, ಇನ್ನು ಮುಂದೆ ಕಟ್ಟಡಕ್ಕಿಂತ ಮನುಷ್ಯರ ಮೇಲೆ ಹಣ ಹಾಕಿ. ಬರ್ಟ್ರಮ್ ಕಟುವಾಗಿ ವಿರೋಧಿಸಿದ. ಆದರೆ ಮೊದಲ ಮಹಾಯುದ್ಧದ ಕಾರಣ ಹೇಳಿ 1917ರ ನವೆಂಬರಿನಲ್ಲಿ ಹೊಸ ಕಟ್ಟಡಗಳ ಕೊಡುಗೆ ನಿಂತಿತು, ಮತ್ತೆ ಆರಂಭವಾಗಲಿಲ್ಲ. 1920ರ ದಶಕದಲ್ಲಿ ಸಂಸ್ಥೆಯ ಹಣ ಷಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯ ಶಿಕ್ಷಣಕ್ಕೆ ಹೋಯಿತು. ಜಾನ್ಸನ್ ಕಂಡದ್ದು ನಿಜ. ಕನಿಷ್ಠವೆಂದು ಹಾಕಿದ ಹತ್ತನೆಯ ಒಂದು ಭಾಗ ಅನೇಕ ಊರುಗಳಲ್ಲಿ ಗರಿಷ್ಠವಾಗಿ ಕೂತುಬಿಟ್ಟಿತು: ಕರಾರಿಗಿಂತ ಒಂದು ಡಾಲರ್ ಹೆಚ್ಚು ಏಕೆ ಕೊಡಬೇಕು ಎಂದು ಪುರಸಭೆಗಳು ಕೇಳಿದವು. ಒಬ್ಬರ ಕಣ್ಣಿಗೆ ಹೊಂದಿಸಿದ ಕಟ್ಟಡ, ಇಬ್ಬರನ್ನು ನೇಮಿಸಬೇಕೆಂಬ ಆಲೋಚನೆಯನ್ನೇ ತಡೆಯಿತು. ಆದರೆ ಈ ವರದಿ ನನ್ನ ವಾದವನ್ನು ಕೆಡವುವುದಿಲ್ಲ, ಅದರ ಬೆಲೆ ಎಷ್ಟೆಂದು ತೋರಿಸುತ್ತದೆ. ಕಟ್ಟಡವನ್ನು ಆಳಿದ್ದು ವಾರ್ಷಿಕ ಲೆಕ್ಕವೇ ಆಗಿದ್ದರಿಂದ ಲೆಕ್ಕ ಜಿಪುಣವಾದಾಗ ಕಟ್ಟಡವೂ ಸೇವೆಯೂ ಜಿಪುಣವಾದವು.

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಕಾರ್ನೆಗಿಯ ಗ್ರಂಥಾಲಯಗಳು ಕೆನಡ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಗಳಿಗೆ ಮಾತ್ರವಲ್ಲ, ಫಿಜಿ, ಮಾರಿಷಸ್, ಸೇಶೆಲ್ಸ್ ದ್ವೀಪಗಳಿಗೂ ಹೋದವು. ಭಾರತಕ್ಕೆ ಒಂದೂ ಬರಲಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿ 1915ರಲ್ಲಿ ನೆಲೆಗೊಂಡ ಸಾರ್ವಜನಿಕ ಗ್ರಂಥಾಲಯ, ದಿವಾನ ಶೇಷಾದ್ರಿ ಅಯ್ಯರ್ ಸ್ಮಾರಕದ ಆಶ್ರಯ ಪಡೆದದ್ದು. ರಿಚರ್ಡ್ಸನ್‌ನ ಕಟ್ಟಡಗಳಂತೆ ಅದೂ ಮೊದಲು ಸ್ಮಾರಕ, ಆಮೇಲೆ ಗ್ರಂಥಾಲಯ. ಕರಾರಿಗೆ ಹತ್ತಿರವಾದದ್ದು ನಡೆದದ್ದು ಬರೋಡ ಸಂಸ್ಥಾನದಲ್ಲಿ. ಅಮೆರಿಕದ ಗ್ರಂಥಾಲಯಗಳನ್ನು 1906ರಲ್ಲಿ ಕಂಡುಬಂದ ಸಯಾಜಿರಾವ್ ಗಾಯಕವಾಡರು 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಮೆರಿಕನ್ ಗ್ರಂಥಪಾಲಕನನ್ನು ಕರೆಸಿಕೊಂಡರು. ಸಣ್ಣ ಊರಿನ ಗ್ರಂಥಾಲಯಕ್ಕೆ ಊರಿನವರು ಒಂದು ಪಾಲು ಎತ್ತಿದರೆ ಪ್ರಾಂತ ಪಂಚಾಯಿತಿ ಒಂದು ಪಾಲು, ಸರ್ಕಾರ ಒಂದು ಪಾಲು ಎಂಬ ಏರ್ಪಾಟಿನಲ್ಲಿ ಅಲ್ಲಿ ಹಳ್ಳಿ ಹಳ್ಳಿಗೂ ಗ್ರಂಥಾಲಯ ಬಂತು. ಸ್ವಾತಂತ್ರ್ಯಾನಂತರ 1948ರಲ್ಲಿ ಮದರಾಸು ಮೊದಲ ಗ್ರಂಥಾಲಯ ಕಾಯಿದೆ ಮಾಡಿತು, ಕರ್ನಾಟಕದ್ದು 1965ರದು. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ವಸೂಲು ಮಾಡುವ ಹಕ್ಕು ಆ ಕಾಯಿದೆಯಿಂದಲೇ ಬಂತು.

ಬರ್ಟ್ರಮ್ ಸಣ್ಣ ಊರುಗಳಿಂದ ಕಾಡಿ ಬೇಡಿ ಬರೆಸಿಕೊಳ್ಳುತ್ತಿದ್ದ ಬದ್ಧತೆ ನಮ್ಮಲ್ಲಿ ಕಾನೂನಾಗಿಯೇ ಇದೆ. ಹಾಗಿದ್ದೂ ಸ್ಥಳೀಯ ಸಂಸ್ಥೆಗಳು ಜನರಿಂದ ಎತ್ತಿದ ಗ್ರಂಥಾಲಯ ಕರ ಗ್ರಂಥಾಲಯಗಳಿಗೆ ಪೂರ್ತಿಯಾಗಿ, ಸಕಾಲಕ್ಕೆ ತಲುಪುವುದಿಲ್ಲ ಎಂಬ ದೂರು ವರ್ಷವರ್ಷವೂ ಕೇಳಿಬರುತ್ತದೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಹೊಸ ಗ್ರಂಥಾಲಯ ಕಟ್ಟಡಕ್ಕೆ ಗುದ್ದಲಿ ಪೂಜೆಯ ಸುದ್ದಿ ಬಂದಾಗಲೆಲ್ಲ ಕಟ್ಟಡದ ಅಂದಾಜು ಮೊತ್ತ ಪತ್ರಿಕೆಯಲ್ಲಿ ಬರುತ್ತದೆ; ಅದನ್ನು ನಡೆಸುವ ವಾರ್ಷಿಕ ಖರ್ಚಿನ ಸುದ್ದಿ ಬರುವುದಿಲ್ಲ. ಓದುಗರು ತಮ್ಮ ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆ ತೆಗೆದು ನೋಡಲಿ. ಗ್ರಂಥಾಲಯ ಕರವೆಂದು ಅದರಲ್ಲಿ ಶೇಕಡ 6ರ ಒಂದು ಸಾಲು ಇರುತ್ತದೆ. ಆ ಹಣದಲ್ಲಿ ಎಷ್ಟು ತಮ್ಮ ಊರಿನ ಗ್ರಂಥಾಲಯಕ್ಕೆ ಬಂತೆಂದು ಪುರಸಭೆಯಲ್ಲಿ ಲಿಖಿತವಾಗಿ ಕೇಳಲಿ.